ನೇರಳೆಗೆ ಹುಟ್ಟಿದವರು

ನಮ್ಮ ನೇರಳೆ ಬಣ್ಣಕ್ಕೆ ಹೆಸರು ಬಂದಿದ್ದು ಹಣ್ಣಿನಿಂದ. ಇಂಗ್ಲಿಷಿನ ‘ಪರ್ಪಲ್’ ಪದದ ಬೇರು ಹುಡುಕ್ತಾ ಹೋದರೆ ಸಿಗೋದು ಒಂದು ಬಸವನಹುಳು. ಗ್ರೀಕಿನ ‘ಪೊರ್ಫಿರಾ’, ಲ್ಯಾಟಿನ್ನಿನ ‘ಪರ್ಪುರಾ’ ಎರಡೂ ಆ ಹುಳುವಿಗೂ ಅದರಿಂದ ತೆಗೆದ ಬಣ್ಣಕ್ಕೂ ಇದ್ದ ಹೆಸರುಗಳು.

ಈ ಬಣ್ಣ ಕೊಡ್ತಿದ್ದ ಹುಳುಗಳಲ್ಲಿ ಮುಖ್ಯವಾದದ್ದೊಂದು ಬೋಲಿನಸ್ ಬ್ರಾಂಡಾರಿಸ್. ಮೆಡಿಟರೇನಿಯನ್ ಸಮುದ್ರದಲ್ಲಿ ಈಗಲೂ ಇದೆ. ಚಿಪ್ಪು ನೋಡೋಕೆ ಪುಟ್ಟ ಗದೆಯ ಹಾಗೆ: ಉದ್ದನೆಯ ಹಿಡಿ, ಮೇಲೆ ಸುತ್ತಲೂ ಮುಳ್ಳು. ಬೇರೆ ಚಿಪ್ಪುಜೀವಿಗಳನ್ನು ಬೇಟೆಯಾಡಿ ತಿನ್ನೋದು ಇದರ ಬದುಕು. ಮೈಯೊಳಗಿನ ಒಂದು ಗ್ರಂಥಿಯಲ್ಲಿ ತೆಳುಬಣ್ಣದ ದ್ರವ ಇರುತ್ತೆ. ಅದಕ್ಕೆ ಗಾಳಿ, ಬೆಳಕು ತಾಕಿದರೆ ಹಳದಿ, ಹಸಿರು ಆಗಿ ಕೊನೆಗೆ ನೇರಳೆಗೆ ತಿರುಗುತ್ತೆ.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ತೀರಿಕೊಂಡ ರೋಮನ್ ಲೇಖಕ ಪ್ಲಿನಿ, ಬಣ್ಣ ತೆಗೆಯೋ ಕ್ರಮವನ್ನು ಬರೆದಿಟ್ಟಿದ್ದಾನೆ. ಬುಟ್ಟಿಗಳಲ್ಲಿ ಆಮಿಷ ಇಟ್ಟು ಹುಳು ಹಿಡಿಯಬೇಕು. ದೊಡ್ಡವುಗಳಿಂದ ಗ್ರಂಥಿ ಬಿಡಿಸಬೇಕು, ಚಿಕ್ಕವನ್ನು ಚಿಪ್ಪಿನ ಸಮೇತ ಜಜ್ಜಬೇಕು. ಉಪ್ಪು ಹಾಕಿ ಮೂರು ದಿನ ಬಿಟ್ಟು, ಆಮೇಲೆ ಸಣ್ಣ ಉರಿಯಲ್ಲಿ ದಿನಗಟ್ಟಲೆ ಕಾಯಿಸಬೇಕು. ಆ ವಾಸನೆ ಹೇಗಿರಬಹುದು ಅಂತ ನೀವೇ ಊಹಿಸಿ. ಇವತ್ತಿನ ಲೆಬನಾನಿನಲ್ಲಿರೋ ಟೈರ್ ಪಟ್ಟಣದ ಬಗ್ಗೆ ಭೂಗೋಳಕಾರ ಸ್ಟ್ರಾಬೋ ಹೇಳಿದ್ದೂ ಅದನ್ನೇ: ಬಣ್ಣದ ಕೆಲಸದಿಂದ ಅಲ್ಲಿ ವಾಸ ಕಷ್ಟ, ಆದರೆ ಊರಿಗೆ ದುಡ್ಡು ಬಂದಿದ್ದೂ ಅದರಿಂದಲೇ.

ಎಷ್ಟು ಹುಳುವಿಗೆ ಎಷ್ಟು ಬಣ್ಣ? 1909ರಲ್ಲಿ ರಸಾಯನ ವಿಜ್ಞಾನಿ ಪೌಲ್ ಫ್ರೀಡ್‌ಲೆಂಡರ್ 12,000 ಹುಳುಗಳಿಂದ ತೆಗೆದ ಶುದ್ಧ ಬಣ್ಣ ಬರೀ 1.4 ಗ್ರಾಂ. ಅದರ ಅಣುವನ್ನು ನೋಡಿದರೆ ನಮ್ಮ ನೀಲಿ ಗಿಡದ ಇಂಡಿಗೋ. ಜೊತೆಗೆ ಎರಡು ಬ್ರೋಮಿನ್ ಪರಮಾಣು, ಅಷ್ಟೇ ವ್ಯತ್ಯಾಸ.

ಬೆಲೆಯೂ ಅದಕ್ಕೆ ತಕ್ಕ ಹಾಗೇ ಇತ್ತು. 301ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ಹೊರಡಿಸಿದ ದರಪಟ್ಟಿಯಲ್ಲಿ ಒಂದು ಪೌಂಡ್ ನೇರಳೆ ರೇಷ್ಮೆಗೆ 1,50,000 ಡಿನೇರಿಯಸ್. ಅದೇ ಪಟ್ಟಿಯಲ್ಲಿ ಹೊಲದ ಕೂಲಿಯವನಿಗೆ ಊಟದ ಜೊತೆ ದಿನಕ್ಕೆ 25. ಅಂದ್ರೆ 6,000 ದಿನದ ಕೂಲಿ, ರಜೆಯಿಲ್ಲದೆ ದುಡಿದರೂ ಹದಿನಾರು ವರ್ಷ.

ಬೈಜಾಂಟಿಯಂನಲ್ಲಿ ಆಳುವ ಚಕ್ರವರ್ತಿಗೆ ಹುಟ್ಟಿದ ಮಕ್ಕಳಿಗೆ ‘ಪೊರ್ಫಿರೋಜೆನಿಟಸ್’ ಅನ್ನೋ ಬಿರುದಿತ್ತು, ‘ನೇರಳೆಯಲ್ಲಿ ಹುಟ್ಟಿದವರು’ ಅಂತ ಅರ್ಥ. ಈ ಮಾತು ಎಲ್ಲರಿಗೂ ಗೊತ್ತು. ಇದರ ಇನ್ನೊಂದು ಮುಖ ಇರೋದು 438ರ ಥಿಯೋಡೋಸಿಯಸ್ ಕಾನೂನು ಸಂಹಿತೆಯಲ್ಲಿ. ಅರಮನೆಯ ಬಣ್ಣಕ್ಕಾಗಿ ಹುಳು ಹಿಡಿಯೋರನ್ನು ಅಲ್ಲಿ ‘ಮುರಿಲೆಗುಲಿ’ ಅಂತ ಕರೆದಿದ್ದಾರೆ. ಅವರ ಕೆಲಸ ವಂಶಪಾರಂಪರ್ಯ. ಅಪ್ಪ ಹುಳು ಹಿಡಿದರೆ ಮಗನೂ ಅದನ್ನೇ ಮಾಡಬೇಕು. ತಪ್ಪಿಸಿಕೊಂಡು ಹೋದವರನ್ನು ಮತ್ತೆ ಅದೇ ಕಸುಬಿಗೆ ಎಳೆತರೋಕೂ ಕಾನೂನಿತ್ತು. ಬಟ್ಟೆ ಉಡೋರಿಗೆ ನೇರಳೆ ಹುಟ್ಟಿನಿಂದ ಬಂದ ಗೌರವ, ಬುಟ್ಟಿ ಎಳೆಯೋರಿಗೆ ಹುಟ್ಟಿನಿಂದ ಬಂದ ಕಟ್ಟು. ಕಸುಬಿಗೂ ಹುಟ್ಟಿಗೂ ಗಂಟು ಹಾಕೋದು ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬಿತ್ತು. 1464ರಲ್ಲಿ ಪೋಪ್ ಎರಡನೇ ಪೌಲ್ ಕಾರ್ಡಿನಲ್‌ಗಳ ನಿಲುವಂಗಿಗೆ ಕರ್ಮೀಸ್ ಅನ್ನೋ ಕೀಟದ ಕೆಂಪು ಸಾಕು ಅಂದರು. 1856ರಲ್ಲಿ ಲಂಡನ್ನಿನ 18 ವರ್ಷದ ವಿಲಿಯಂ ಪರ್ಕಿನ್, ಕ್ವಿನೈನ್ ಮಾಡೋಕೆ ಹೋಗಿ ಕೃತಕ ನೇರಳೆ ಮಾಡಿದ. ಮೊದಲು ಅದನ್ನು ಕರೆದಿದ್ದು ‘ಟಿರಿಯನ್ ಪರ್ಪಲ್’ ಅಂತಲೇ. ಅಲ್ಲಿಂದ ಮುಂದೆ ನೇರಳೆ ಯಾರು ಬೇಕಾದರೂ ಉಡಬಹುದಾದ ಬಣ್ಣ ಆಯ್ತು.

ಬಸವನಹುಳು ಈಗಲೂ ಬಲೆಗೆ ಬೀಳುತ್ತೆ. ದಕ್ಷಿಣ ಸ್ಪೇನಿನ ಕಾಡಿಸ್ ಕಡೆ ಅದನ್ನು ‘ಕನ್ಯಾಯಿಯಾ’ ಅಂತಾರೆ, ಉಪ್ಪು ನೀರಲ್ಲಿ ಬೇಯಿಸಿ ತಿಂತಾರೆ. ಹಿಡಿಯೋರು ಬೇಡ ಅನ್ನಿಸಿದರೆ ಬೇರೆ ಕೆಲಸ ಹುಡುಕಿಕೊಳ್ಳಬಹುದು. ಆ ಬಣ್ಣದ ಇಡೀ ಚರಿತ್ರೆಯಲ್ಲಿ ನನಗೆ ದೊಡ್ಡದಾಗಿ ಕಾಣೋ ಬದಲಾವಣೆ ಅದೇ.