ಎರೆ ನೆಲದ ಬಿರುಕು, ಕೊಳೆಯುವ ಹಾಳೆಯ ಸೀಳು

ಪಾಲಿಲ್ಯಾಕ್ಟಿಕ್ ಆಸಿಡ್, ಅಂದರೆ ಪಿಎಲ್‌ಎ, ಸುಮಾರು ಶೇ. 5ರಷ್ಟು ಹಿಗ್ಗುವಷ್ಟರಲ್ಲಿ ಮುರಿಯುತ್ತದೆ. ಕೊಳೆಯುವ ಇನ್ನೊಂದು ಪ್ಲಾಸ್ಟಿಕ್ ಆದ ಪಿಬಿಎಟಿ ಶೇ. 500ನ್ನೂ ಮೀರಿ ಹಿಗ್ಗುತ್ತದೆ. ಎರಡನ್ನೂ ಕರಗಿಸಿ ಬೆರೆಸಿದರೆ ಪಿಎಲ್‌ಎಯ ಬಿರುಸು ತಗ್ಗುತ್ತದೆಂಬುದರಲ್ಲಿ ಈಗ ಭಿನ್ನಮತವಿಲ್ಲ. ಜಿಯಾಂಗ್, ವೋಲ್ಕಾಟ್ ಮತ್ತು ಝಾಂಗ್ 2006ರಲ್ಲಿ ಇದರ ಕಾರಣವನ್ನೂ ತೋರಿಸಿದರು. ಶೇ. 5ರಿಂದ 20ರಷ್ಟು ಬೆರೆತ ಪಿಬಿಎಟಿ ಸಣ್ಣ ಹನಿಗಳಾಗಿ ಹರಡಿರುತ್ತದೆ. ಎಳೆದಾಗ ಹನಿಗಳ ಅಂಚು ಬಿಟ್ಟುಕೊಂಡು, ನಡುವಿನ ಪಿಎಲ್‌ಎ ಮುರಿಯುವ ಬದಲು ಹಿಗ್ಗುತ್ತದೆ.

ನನ್ನ ತಕರಾರು ಈ ವಿವರಣೆಯ ಬಗ್ಗೆ ಅಲ್ಲ, ಅದರಿಂದ ಬೆಳೆದ ರೂಢಿಯ ಬಗ್ಗೆ. ಹಿಗ್ಗುವಿಕೆಯನ್ನೇ ಗಟ್ಟಿತನವೆಂದು ಓದಿ, ಹೊಲದ ಮಲ್ಚಿಂಗ್ ಹಾಳೆಗೂ ಅದೇ ಅಂಕಿಯನ್ನು ಅನ್ವಯಿಸಲಾಗುತ್ತಿದೆ. ವಿಜಯಪುರ ಜಿಲ್ಲೆಯ ಬಬಲೇಶ್ವರ ಭಾಗದ ಡೋಣಿ ಹೊಳೆ ಸಾಲಿನ ಎರೆ ನೆಲದಲ್ಲಿ ಅದು ನಿಲ್ಲದು.

ಒಂದು ಸರಳ ಲೆಕ್ಕ ಹಾಕೋಣ. ಬೇಸಿಗೆಯಲ್ಲಿ ಎರೆ ಬಿರಿದು 20 ಮಿ.ಮೀ. ಬಾಯಿ ತೆರೆದಿದೆ ಎಂದಿಟ್ಟುಕೊಳ್ಳಿ. ಹಾಳೆ 500 ಮಿ.ಮೀ. ಉದ್ದಕ್ಕೂ ಜಾರಲು ಸ್ವತಂತ್ರವಾಗಿದ್ದರೆ ಅದು ಹಿಗ್ಗಬೇಕಾದದ್ದು ಶೇ. 4 ಮಾತ್ರ, ಬರೀ ಪಿಎಲ್‌ಎಯೂ ತಡೆದೀತು. ಅದೇ ಹಾಳೆ ಬಿರುಕಿನ ಎರಡೂ ದಡಕ್ಕೆ ಅಂಟಿಕೊಂಡು, ನಡುವೆ 2 ಮಿ.ಮೀ. ಮಾತ್ರ ಬಿಡುವಿದ್ದರೆ ಆ ತುಣುಕು 22 ಮಿ.ಮೀ. ಆಗಬೇಕು, ಎಂದರೆ ಶೇ. 1000 ಹಿಗ್ಗಬೇಕು. ಯಾವ ಮಿಶ್ರಣದಿಂದಲೂ ಇದನ್ನು ನಿರೀಕ್ಷಿಸಲಾಗದು. ಒಂದು ತುದಿಯಲ್ಲಿ ಎಲ್ಲವೂ ಪಾಸು, ಇನ್ನೊಂದರಲ್ಲಿ ಎಲ್ಲವೂ ನಪಾಸು. ಹಾಗಾಗಿ ನಿರ್ಣಾಯಕವಾದದ್ದು ಹಿಗ್ಗುವಿಕೆಯಲ್ಲ, ಮೊದಲ ತೂತು ಬಿದ್ದ ಮೇಲೆ ಸೀಳು ಎಷ್ಟು ದೂರ ಓಡುತ್ತದೆ ಎಂಬುದು. ಮೊದಲ ತೂತಂತೂ ಸಸಿ ನೆಡುವಾಗಲೇ ಬಿದ್ದಿರುತ್ತದೆ!

ಈ ಕಾರಣಕ್ಕೆ ಇಲ್ಲಿನ ಹಾಳೆಯಲ್ಲಿ ಪಿಬಿಎಟಿಯೇ ಹರಹಾಗಿ, ಪಿಎಲ್‌ಎ ಅದರೊಳಗಿನ ಹನಿಯಾಗಿರಬೇಕು ಎಂಬುದು ನನ್ನ ವಾದ. ಇದಕ್ಕೆ ತಾಪವೂ ಸಾಕ್ಷಿ. ಪಿಎಲ್‌ಎ ಗಾಜಿನ ಸ್ಥಿತಿ ಬಿಡುವುದು 55ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಗಾಳಿಯೇ 40 ಡಿಗ್ರಿ ದಾಟುವ ವಿಜಯಪುರದ ಬಿಸಿಲಲ್ಲಿ ಕಪ್ಪು ಹಾಳೆ ಈ ಅಂಚಿನ ಆಸುಪಾಸಿನಲ್ಲೇ ಗಂಟೆಗಟ್ಟಲೆ ಕಳೆಯುತ್ತದೆ. ಅದಕ್ಕಿಂತ ತುಸು ಕೆಳಗಿನ ತಾಪದಲ್ಲಿ ಇಟ್ಟ ಪಿಎಲ್‌ಎ ಬೇಗ ಮುಪ್ಪಾಗಿ ಮತ್ತೆ ಬಿರುಸಾಗುತ್ತದೆ. ಅದೇ ಹರಹಾಗಿದ್ದರೆ ಪ್ರಯೋಗಾಲಯದಲ್ಲಿ ಗಳಿಸಿದ ಹಿಗ್ಗು ಹೊಲದಲ್ಲಿ ಉಳಿಯುವುದು ಅನುಮಾನ.

ಆದರೂ ಈ ವಾದಕ್ಕೆ ಮಿತಿಗಳಿವೆ. ಹನಿ ನೀರಾವರಿಯ ಏರುಮಡಿಯಲ್ಲಿ ಹಾಳೆಯಡಿಯ ಮಣ್ಣು ಹಸಿಯಾಗಿರುವತನಕ ಬಿರುಕು ಅಂಚಿಗಷ್ಟೇ ಸೀಮಿತ. ತಿಕೋಟಾ ಕಡೆಯ ಮರಡಿ ನೆಲದ ದ್ರಾಕ್ಷಿ ಪಡಗಳಿಗೆ ಮೇಲಿನ ಲೆಕ್ಕವನ್ನು ಹಾಗೆಯೇ ಒಯ್ಯಲಾಗದು. ಮೇಲಾಗಿ, ಊದಿ ತಯಾರಿಸಿದ ಹಾಳೆಯಲ್ಲಿ ಪಿಎಲ್‌ಎ ಹನಿಗಳು ಸುರುಳಿ ಎಳೆದ ದಿಕ್ಕಿಗೆ ನೂಲಿನಂತೆ ನೀಳವಾಗುವುದರಿಂದ, ಪಿಬಿಎಟಿ ಹೆಚ್ಚಿದ್ದರೂ ಆ ದಿಕ್ಕಿನಲ್ಲಿ ಸೀಳು ಸುಲಭವಾಗಿ ಓಡುತ್ತದೆ. ಎಪಾಕ್ಸಿ ಗುಂಪಿನ ಸರಪಳಿ ಜೋಡಕಗಳು ಎರಡರ ಅಂಚನ್ನು ಬೆಸೆದು ಇದನ್ನು ತಗ್ಗಿಸಬಲ್ಲವು, ಪ್ರಮಾಣ ಮೀರಿದರೆ ಜೆಲ್ ಕಟ್ಟುತ್ತದೆ.

ಹರಿದ ಪಾಲಿಥಿನ್ ಚೂರು ಎರೆಯ ಬಿರುಕಿಗೆ ಬಿದ್ದರೆ ಆಯ್ದು ತೆಗೆಯುವವರಿಲ್ಲ, ಮಳೆ ಬಂದಾಗ ಮಣ್ಣು ಅದನ್ನು ನುಂಗಿ ಮುಚ್ಚಿಕೊಳ್ಳುತ್ತದೆ. ಕೊಳೆಯುವ ಹಾಳೆ ಬೇಕಾಗಿರುವುದು ಅದಕ್ಕೇ. 2018ರ ಯುರೋಪಿನ ಮಾನದಂಡ ಇಎನ್ 17033, 20ರಿಂದ 28 ಡಿಗ್ರಿಯ ಮಣ್ಣಿನಲ್ಲಿ ಎರಡು ವರ್ಷದೊಳಗೆ ಶೇ. 90ರಷ್ಟು ಕೊಳೆಯಬೇಕೆನ್ನುತ್ತದೆ. ಸೀಳು ತಡೆಯಲೆಂದು ಬೆಸೆದ ಅಂಚು, ಒಮ್ಮೆ ಕಾದು ಒಮ್ಮೆ ಕೆಸರಾಗುವ ಎರೆಯ ಆಳದಲ್ಲಿ ಅದೇ ವೇಗದಲ್ಲಿ ಬಿಚ್ಚಿಕೊಳ್ಳುವುದೇ ಎಂಬುದನ್ನು ಸ್ಥಳದ ಮಣ್ಣಿನಲ್ಲೇ, ಕನಿಷ್ಠ ಎರಡು ಬೇಸಿಗೆ ಹೂತಿಟ್ಟು ನೋಡಬೇಕು.