ಮೊಲದ ಕಣ್ಣು: ಪ್ರಸಾಧನ ದ್ರವ್ಯಗಳ ಪರೀಕ್ಷೆಯ ಚರಿತ್ರೆ

ಅಂಜನ, ಅಂಗರಾಗ, ಲೇಪನಗಳ ಬಳಕೆ ನಾಗರಿಕತೆಯಷ್ಟೇ ಪುರಾತನವಾದುದು. ಆದರೆ ಅವನ್ನು ಮೊದಲು ಮೂಕಪ್ರಾಣಿಯ ಮೈಮೇಲೆ ಪ್ರಯೋಗಿಸಿ, ಅನಂತರ ಅಂಗಡಿಗೆ ಕಳುಹಿಸುವ ಪದ್ಧತಿ ಬೇರೂರಿದುದು ಇಪ್ಪತ್ತನೆಯ ಶತಮಾನದಲ್ಲಿ. ಅದು ಕೇವಲ ಕ್ರೌರ್ಯದಿಂದ ಹುಟ್ಟಿದುದಲ್ಲವೆಂಬುದನ್ನು ಮೊದಲಿಗೇ ಹೇಳಬೇಕು. ಅದರ ಹಿನ್ನೆಲೆಯಲ್ಲಿ ಮನುಷ್ಯರು ಕಣ್ಣು ಕಳೆದುಕೊಂಡ ದುರಂತವೊಂದುಂಟು.

1930ರ ದಶಕದ ಆದಿಯಲ್ಲಿ ಅಮೆರಿಕದಲ್ಲಿ 'ಲ್ಯಾಶ್ ಲೂರ್' ಎಂಬ ರೆಪ್ಪೆಗೂದಲ ಬಣ್ಣ ಮಾರಾಟದಲ್ಲಿತ್ತು. ಅದನ್ನು ಹಚ್ಚಿಸಿಕೊಂಡ ಕೆಲವು ಸ್ತ್ರೀಯರ ಕಣ್ಣು ಹುಣ್ಣಾಗಿ ದೃಷ್ಟಿ ನಾಶವಾಯಿತು. ಒಬ್ಬಾಕೆ ಮರಣವನ್ನೂ ಹೊಂದಿದಳು. ಇಂತಹ ವಸ್ತುಗಳನ್ನು ತಡೆಯುವ ಅಧಿಕಾರ ಅಂದಿನ ಸರ್ಕಾರಕ್ಕಿರಲಿಲ್ಲ. 1938ರ ಆಹಾರ, ಔಷಧ ಮತ್ತು ಪ್ರಸಾಧನ ಕಾಯಿದೆ ಆ ಕೊರತೆಯನ್ನು ತುಂಬಿತು. ಪ್ರಸಾಧನ ದ್ರವ್ಯಗಳನ್ನು ಪ್ರಾಣಿಗಳ ಮೇಲೆಯೇ ಪರೀಕ್ಷಿಸತಕ್ಕದ್ದೆಂದು ಆ ಕಾಯಿದೆ ವಿಧಿಸಲಿಲ್ಲವೆಂಬುದು ಗಮನಾರ್ಹ. ಆದರೂ ಮುಂದೆ ಮೊಕದ್ದಮೆ ಬಂದರೆ ತೋರಿಸಲು ಒಂದು ಆಧಾರ ಬೇಕೆಂದು ಕಂಪನಿಗಳು ಆ ದಾರಿಯನ್ನೇ ಹಿಡಿದವು.

ಆ ದಾರಿಗೆ ಕ್ರಮಬದ್ಧ ರೂಪ ಕೊಟ್ಟವನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯ ವಿಜ್ಞಾನಿ ಜಾನ್ ಡ್ರೇಜ್. 1944ರಲ್ಲಿ ಅವನೂ ಅವನ ಸಹೋದ್ಯೋಗಿಗಳೂ ಪ್ರಕಟಿಸಿದ ವಿಧಾನ ಹೀಗಿತ್ತು: ಬಿಳಿಯ ಮೊಲದ ಒಂದು ಕಣ್ಣಿಗೆ 0.1 ಮಿಲಿಲೀಟರಿನಷ್ಟು ವಸ್ತುವನ್ನು ಹಾಕುವುದು. ಮತ್ತೊಂದು ಕಣ್ಣನ್ನು ಹೋಲಿಕೆಗಾಗಿ ಹಾಗೆಯೇ ಬಿಡುವುದು. ಕೆಂಪು, ಊತ, ಕರಿಗುಡ್ಡೆಯ ಮಬ್ಬು ಇವಕ್ಕೆ ದಿನದಿನವೂ ಅಂಕ ಕೊಡುವುದು. ಮೊಲಕ್ಕೆ ಕಣ್ಣೀರು ಕಡಮೆ. ಹಾಕಿದ ವಸ್ತು ಬೇಗ ತೊಳೆದುಹೋಗದು. ಕಾಲಿನಿಂದ ಕಣ್ಣುಜ್ಜಿಕೊಳ್ಳದಂತೆ ಅದರ ಕತ್ತನ್ನು ಮರದ ಚೌಕಟ್ಟಿನಲ್ಲಿ ಬಿಗಿಯುತ್ತಿದ್ದುದೂ ಉಂಟು. ಮನುಷ್ಯನ ಕಣ್ಣಿಗೂ ಮೊಲದ ಕಣ್ಣಿಗೂ ರಚನೆಯಲ್ಲಿಯೇ ಭೇದವಿರುವುದರಿಂದ ಈ ಅಂಕಗಳ ಬೆಲೆಯೆಷ್ಟೆಂಬ ಸಂದೇಹ ವಿಜ್ಞಾನಿಗಳಲ್ಲಿಯೂ ಇತ್ತು. ಆದರೂ ಪರೀಕ್ಷೆ ದಶಕಗಳ ಕಾಲ ನಡೆದೇ ನಡೆಯಿತು.

ಇದಕ್ಕೆ ವಿರೋಧ ಇಂಗ್ಲೆಂಡಿನಲ್ಲಿ ಮೊದಲೇ ಮೊಳೆತಿತ್ತು. 1959ರಲ್ಲಿ ಲೇಡಿ ಡೌಡಿಂಗ್ 'ಬ್ಯೂಟಿ ವಿಥೌಟ್ ಕ್ರೂಯೆಲ್ಟಿ' ಎಂಬ ಸಂಸ್ಥೆಯನ್ನು ಕಟ್ಟಿದರು. 1974ರಲ್ಲಿ ಪುಣೆಯಲ್ಲಿ ಅದರ ಭಾರತೀಯ ಶಾಖೆ ಆರಂಭವಾಯಿತು. ಆದರೆ ದೊಡ್ಡ ಉದ್ಯಮವನ್ನು ಅಲುಗಿಸಿದವನು ನ್ಯೂಯಾರ್ಕಿನ ಒಬ್ಬ ಶಾಲಾ ಉಪಾಧ್ಯಾಯ, ಹೆನ್ರಿ ಸ್ಪೈರಾ.

ಬೆಲ್ಜಿಯಮ್ಮಿನಲ್ಲಿ 1927ರಲ್ಲಿ ಜನಿಸಿದ ಸ್ಪೈರಾ ಹಡಗಿನ ಕೂಲಿಯಾಗಿ ದುಡಿದು, ಕಾರ್ಮಿಕ ಚಳವಳಿಯಲ್ಲಿ ಪಳಗಿದವನು. ಅವನ ಕ್ರಮವೇ ಬೇರೆ. ಎದುರಾಳಿಯನ್ನು ನಿಂದಿಸುವ ಬದಲು ಅವನಿಗೆ ಸಾಧ್ಯವಾದುದನ್ನೇ ಕೇಳಬೇಕೆಂಬುದು ಅವನ ನೀತಿ. ಪ್ರಸಾಧನ ಉದ್ಯಮದ ದೈತ್ಯರಲ್ಲಿ ಒಂದಾದ ರೆವ್ಲಾನ್ ಕಂಪನಿಯನ್ನು ಕಂಡು, ಪರೀಕ್ಷೆಯನ್ನು ಇಂದೇ ನಿಲ್ಲಿಸಿರೆಂದು ಅವನು ಹಟ ಹಿಡಿಯಲಿಲ್ಲ; ವರಮಾನದಲ್ಲಿ ಶೇಕಡಾ 0.01ರಷ್ಟನ್ನು ಪರ್ಯಾಯ ಮಾರ್ಗದ ಸಂಶೋಧನೆಗೆ ಕೊಡಿರೆಂದನು. ವಿನಯದ ಮಾತು ಫಲಿಸಲಿಲ್ಲ. 1980ರ ಏಪ್ರಿಲ್ 15ರಂದು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಪೂರ್ಣಪುಟದ ಜಾಹೀರಾತು ಪ್ರಕಟವಾಯಿತು. ಚೆಲುವಿಗಾಗಿ ಕಂಪನಿ ಎಷ್ಟು ಮೊಲಗಳನ್ನು ಕುರುಡಾಗಿಸುತ್ತದೆಂಬುದೇ ಅದರ ಪ್ರಶ್ನೆ. ಜನ ಮೊಲದ ವೇಷ ತೊಟ್ಟು ಬೀದಿಗಿಳಿದರು. ಅದೇ ವರ್ಷದ ಡಿಸೆಂಬರಿನಲ್ಲಿ ರೆವ್ಲಾನ್ ರಾಕ್‌ಫೆಲರ್ ವಿಶ್ವವಿದ್ಯಾಲಯಕ್ಕೆ ಮೂರು ವರ್ಷಗಳ ಅವಧಿಗೆ 7,50,000 ಡಾಲರುಗಳನ್ನು ಘೋಷಿಸಿತು. ಮರುವರ್ಷ ಉದ್ಯಮದ ಹಣದಿಂದಲೇ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪರ್ಯಾಯ ವಿಧಾನಗಳ ಕೇಂದ್ರ ಸ್ಥಾಪಿತವಾಯಿತು. ಕೇಳಿದ್ದು ಅಲ್ಪವೆಂದು ಸ್ಪೈರಾನನ್ನು ಟೀಕಿಸಿದವರೂ ಇದ್ದರು. ಆದರೆ ಪರ್ಯಾಯವಿಲ್ಲದ ನಿಷೇಧ ನಿಲ್ಲುತ್ತಿರಲಿಲ್ಲ; ಲ್ಯಾಶ್ ಲೂರ್‌ನ ನೆನಪೇ ಅದನ್ನು ಸೋಲಿಸುತ್ತಿತ್ತು. 1989ರಲ್ಲಿ ರೆವ್ಲಾನ್ ಮತ್ತು ಏವನ್ ಕಂಪನಿಗಳು ಪ್ರಾಣಿಪರೀಕ್ಷೆಯನ್ನು ಕೈಬಿಟ್ಟುದಾಗಿ ಸಾರಿದವು.

ಯೂರೋಪಿನಲ್ಲಿ ಶಾಸನದ ಹಾದಿ ಆಮೆನಡಿಗೆಯದಾಯಿತು. 1998ಕ್ಕೆಂದು ಗೊತ್ತುಮಾಡಿದ ನಿಷೇಧ ಮುಂದೂಡಲ್ಪಟ್ಟಿತು. ಕಡೆಗೆ 2004ರಲ್ಲಿ ಸಿದ್ಧವಸ್ತುಗಳ ಪರೀಕ್ಷೆಯೂ, 2009ರಲ್ಲಿ ಘಟಕದ್ರವ್ಯಗಳ ಪರೀಕ್ಷೆಯೂ ನಿಂತು, 2013ರ ಮಾರ್ಚ್ 11ರಿಂದ ಅಂತಹ ಪರೀಕ್ಷೆಗೆ ಗುರಿಯಾದ ಹೊಸ ಸರಕಿನ ಮಾರಾಟವೂ ನಿಷಿದ್ಧವಾಯಿತು. ಭಾರತ ಹೆಚ್ಚು ಕಾಲ ಕಾಯಿಸಲಿಲ್ಲ. 2013ರಲ್ಲಿ ಭಾರತೀಯ ಮಾನಕ ಸಂಸ್ಥೆ ತನ್ನ ಮಾನಕದಿಂದ ಪ್ರಾಣಿಪರೀಕ್ಷೆಗಳನ್ನು ತೆಗೆದುಹಾಕಲು ತೀರ್ಮಾನಿಸಿತು. 2014ರ ಮೇ ತಿಂಗಳಲ್ಲಿ ಔಷಧ ಮತ್ತು ಪ್ರಸಾಧನ ನಿಯಮಗಳಲ್ಲಿ ನಿಷೇಧ ಸೇರಿತು. ಅದೇ ನವೆಂಬರಿನಿಂದ ಅಂತಹ ಸರಕಿನ ಆಮದೂ ನಿಂತಿತು. ದಕ್ಷಿಣ ಏಷ್ಯಾದಲ್ಲಿ ಈ ಹೆಜ್ಜೆಯನ್ನಿಟ್ಟ ಮೊದಲ ರಾಷ್ಟ್ರ ಭಾರತವೇ.

ಮೊಲದ ಸ್ಥಾನಕ್ಕೆ ಬಂದುದೇನು? ಮಾನವ ಚರ್ಮದ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ರಚಿಸಿದ ತೆಳುಪದರಗಳು ಮುಖ್ಯವಾದವು. ಕರಿಗುಡ್ಡೆಯ ಹೊರಪದರವನ್ನು ಹೋಲುವಂತಹವೂ ಸಿದ್ಧವಾಗಿವೆ. ಆದರೆ 2009ರಲ್ಲಿ ಅಂತರರಾಷ್ಟ್ರೀಯ ಮನ್ನಣೆ ಪಡೆದ ಒಂದು ವಿಧಾನದಲ್ಲಿ ಕಸಾಯಿಖಾನೆಯಿಂದ ತಂದ ದನಗಳ ಕಣ್ಣನ್ನು ಬಳಸುತ್ತಾರೆ. ಜೀವಂತ ಪ್ರಾಣಿಗೆ ಹೊಸ ನೋವಿಲ್ಲವೆಂಬುದು ನಿಜವೇ. ಅಹಿಂಸಾವ್ರತಿಗಳಿಗೆ ಅಷ್ಟರಿಂದಲೇ ಸಮಾಧಾನವಾಗದೆಂಬುದೂ ನಿಜ.

ಕಾನೂನಿನಲ್ಲಿಯೂ ಬಿರುಕು ಉಳಿದಿದೆ. ಪ್ರಸಾಧನಕ್ಕೆಂದು ನಿಷಿದ್ಧವಾದ ಪರೀಕ್ಷೆಯನ್ನು, ಆ ರಾಸಾಯನಿಕವನ್ನು ತಯಾರಿಸುವ ಕಾರ್ಮಿಕರ ರಕ್ಷಣೆಗೆಂದು ಬೇರೊಂದು ಕಾಯಿದೆಯನ್ವಯ ಕೇಳಬಹುದೇ ಎಂಬ ವ್ಯಾಜ್ಯ ಯೂರೋಪಿನ ನ್ಯಾಯಾಲಯಕ್ಕೆ ಹೋಯಿತು. ಕೇಳಬಹುದೆಂದು 2023ರ ನವೆಂಬರಿನಲ್ಲಿ ತೀರ್ಪು ಬಂದಿತು.