ಹೆಪ್ಪು ಹಾಕಿದ ಹೊತ್ತು

ಮೊಸರಿನ ವಿಷಯದಲ್ಲಿ ಜೈನಾಚಾರ್ಯರು ಮೊದಲು ಗಮನಿಸಿದ್ದು ಅದರ ರುಚಿಯನ್ನಲ್ಲ, ವಯಸ್ಸನ್ನು. 12ನೆಯ ಶತಮಾನದಲ್ಲಿ ಗುಜರಾತಿನ ಹೇಮಚಂದ್ರಾಚಾರ್ಯರು ತಮ್ಮ ‘ಯೋಗಶಾಸ್ತ್ರ’ದಲ್ಲಿ ಎರಡು ದಿನ ಕಳೆದ ಮೊಸರನ್ನು ಶ್ರಾವಕನು ವರ್ಜಿಸಬೇಕೆಂದು ವಿಧಿಸಿದರು. ದಿಗಂಬರ ಸಂಪ್ರದಾಯದ ಶುದ್ಧ ಅಡುಗೆಯಲ್ಲಿ ಕಟ್ಟುಪಾಡು ಇನ್ನೂ ಬಿಗಿಯಾದುದು. ಕರೆದ ಹಾಲನ್ನು ಒಂದು ಮುಹೂರ್ತದೊಳಗೆ, ಅಂದರೆ 48 ನಿಮಿಷಗಳೊಳಗೆ, ಸೋಸಿ ಕಾಯಿಸಬೇಕು. ಮೊಸರಿಗೆ 24 ಗಂಟೆಗಳ ಮರ್ಯಾದೆ.

ಇಲ್ಲಿ ಒಂದು ತೊಡಕು ಏಳುತ್ತದೆ. ಇಂದಿನ ಹಾಲಿಗೆ ನಿನ್ನೆಯ ಮೊಸರನ್ನೇ ಹೆಪ್ಪಾಗಿ ಹಾಕಿದರೆ, ನಿನ್ನೆಯದರಲ್ಲಿ ಮೊನ್ನೆಯದು ಇದ್ದೇ ಇರುತ್ತದೆ. ಹೀಗೆ ಹಿಂದೆ ಹಿಂದೆ ಹೋದರೆ ಆ ಗಡಿಗೆಯ ಮೊಸರಿಗೆ ವಯಸ್ಸೆಂಬುದೇ ಸಿಗದು. ಈ ಸರಪಳಿಯನ್ನು ಕಡಿಯಲೆಂದೇ ಮುನಿಗಳ ಆಹಾರಕ್ಕೆ ಅಣಿಮಾಡುವ ಅಡುಗೆಮನೆಗಳಲ್ಲಿ ಹಳೆಯ ಮೊಸರನ್ನು ಮುಟ್ಟದೆ, ಉಗುರುಬೆಚ್ಚಗಿನ ಹಾಲಿಗೆ ತೆಂಗಿನ ಕರಟದ ಚೂರನ್ನೋ ಬೆಳ್ಳಿಯ ನಾಣ್ಯವನ್ನೋ ಹಾಕಿಡುವ ರೂಢಿ ಬೆಳೆಯಿತು. ಒಣಮೆಣಸಿನಕಾಯಿಯ ತೊಟ್ಟಿನಿಂದ ಹೆಪ್ಪು ಹಾಕುವುದನ್ನಂತೂ ಇತರ ಮನೆಗಳವರೂ ಬಲ್ಲರು. ಮೊದಲ ಸಲ ಮೊಸರು ತಡವಾಗಿ, ತೆಳುವಾಗಿ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ಕೆಲವೊಮ್ಮೆ ಕೆಟ್ಟೂ ಹೋಗುತ್ತದೆ.

ಇಂತಹ ಮೊಸರಿನಲ್ಲಿ ಸೂಕ್ಷ್ಮಜೀವಿಗಳೇ ಇಲ್ಲವೆಂದು ವಾದಿಸುವವರುಂಟು. ಆ ವಾದ ನಿಲ್ಲುವಂಥದ್ದಲ್ಲ. ಹಾಲಿನ ಹುಳಿಯನ್ನು ಹುಟ್ಟಿಸುವುದು ಜೀವಾಣುಗಳೆಂದು ಫ್ರಾನ್ಸಿನ ಲೂಯಿ ಪಾಶ್ಚರ್ 1857ರಲ್ಲಿ ಪ್ರತಿಪಾದಿಸಿದನು. 1905ರಲ್ಲಿ ಬಲ್ಗೇರಿಯದ ಸ್ಟಾಮೆನ್ ಗ್ರಿಗೊರೊವ್ ತನ್ನ ನಾಡಿನ ಮೊಸರಿನಲ್ಲಿರುವ ಬ್ಯಾಕ್ಟೀರಿಯಾವನ್ನು ಗುರುತಿಸಿದನು. ಬೆಳ್ಳಿಗೆ ತಾನಾಗಿ ಹಾಲನ್ನು ಹೆಪ್ಪುಗಟ್ಟಿಸುವ ಶಕ್ತಿಯಿಲ್ಲ. ತೊಟ್ಟಿಗೋ ಪಾತ್ರೆಗೋ ಅಂಟಿದ ಜೀವಾಣುಗಳೇ ಆ ಕೆಲಸ ಮಾಡುತ್ತವೆ. ಹಾಗೆಂದು ಮರ್ಯಾದೆಯ ವಿಧಿ ಅರ್ಥಹೀನವೆನ್ನಲಾಗದು. ಕಾಲ ಕಳೆದಂತೆ ಆಹಾರದಲ್ಲಿ ಜೀವೋತ್ಪತ್ತಿ ಹೆಚ್ಚುತ್ತದೆ, ಆದ್ದರಿಂದ ಹಿಂಸೆಯನ್ನು ಮಿತಗೊಳಿಸಬೇಕು ಎಂಬುದು ಅದರ ನೆಲೆ. ಮಿತಗೊಳಿಸುವುದು ಬೇರೆ, ಇಲ್ಲವೇ ಇಲ್ಲವೆಂದು ಸಾಧಿಸುವುದು ಬೇರೆ.

ಮೊಸರನ್ನು ಯಾವುದರೊಡನೆ ಬೆರೆಸಬಹುದೆಂಬುದು ಇನ್ನೊಂದು ಚರ್ಚೆ. 13ನೆಯ ಶತಮಾನದ ಪಂಡಿತ ಆಶಾಧರನು ‘ಸಾಗಾರಧರ್ಮಾಮೃತ’ದಲ್ಲಿ ಹಸಿಯ ಗೋರಸದೊಡನೆ ದ್ವಿದಳ ಧಾನ್ಯವನ್ನು ಬೆರೆಸಿ ತಿನ್ನುವುದನ್ನು ನಿಷೇಧಿಸಿದನು. ‘ಹಸಿ’ ಎಂಬ ಆ ಒಂದು ಮಾತಿನ ಅರ್ಥದ ಮೇಲೆಯೇ ಮನೆಗಳ ರೂಢಿ ಕವಲೊಡೆದಿದೆ. ಮೊಸರನ್ನು ಕಾಯಿಸಿದ ಮೇಲೆ ಬೇಳೆಯೊಡನೆ ಬೆರೆಸಬಹುದೆನ್ನುವವರು ಕೆಲವರು. ಕಡಲೆಬೇಳೆ ಅರೆದು ಹಾಕುವ ಮಜ್ಜಿಗೆಹುಳಿಯನ್ನು ಒಲ್ಲೆವೆನ್ನುವವರು ಕೆಲವರು. ಆದರೆ 1025ರ ಸುಮಾರಿಗೆ ‘ಲೋಕೋಪಕಾರ’ವನ್ನು ರಚಿಸಿದ ಚಾವುಂಡರಾಯನು ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ ಅರೆದು, ಮೊಸರಿನ ತಿಳಿಯನ್ನು ಕೂಡಿಸುವ ವಿಧಾನವನ್ನು ಹೇಳಿದ್ದಾನೆ. (ಈತ ಗೊಮ್ಮಟೇಶ್ವರನ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನಲ್ಲ.) ಇದರಿಂದ ಆ ಕಾಲದ ಶ್ರಾವಕರಿಗೆ ದ್ವಿದಳದ ನಿಯಮವೇ ತಿಳಿದಿರಲಿಲ್ಲವೆಂದು ತೀರ್ಮಾನಿಸುವುದು ಅವಸರವಾದೀತು. ಗ್ರಂಥದ ಹೆಸರೇ ಹೇಳುವಂತೆ ಅದು ಸಮಸ್ತ ಲೋಕಕ್ಕಾಗಿ ಬರೆದುದು, ಶ್ರಾವಕಾಚಾರವಲ್ಲ.

ಇಂದು ಪೊಟ್ಟಣದ ಮೊಸರು ಹಳ್ಳಿಗಳ ಅಂಗಡಿಗಳಲ್ಲಿಯೂ ದೊರೆಯುತ್ತದೆ. ಅದರ ಮೇಲೆ ದಿನಾಂಕವಿರುತ್ತದೆ. ಹಾಲು ಕರೆದ ಎಷ್ಟು ಹೊತ್ತಿಗೆ ಕಾಯಿಸಿದರು, ಯಾವ ಗಳಿಗೆಯಲ್ಲಿ ಹೆಪ್ಪು ಹಾಕಿದರು ಎಂಬುದು ಇರುವುದಿಲ್ಲ. ಲೆಕ್ಕ ಬಲ್ಲ ವರ್ತಕನು ಇಂತಹ ಪಟ್ಟಿಯನ್ನು ಅಪೂರ್ಣವೆಂದೇ ಹಿಂದಿರುಗಿಸುತ್ತಿದ್ದನು. ತಂಗಳಪೆಟ್ಟಿಗೆಯಲ್ಲಿಟ್ಟರೆ ಹುಳಿಯಾಗುವುದು ನಿಧಾನವಾದೀತು, ಮರ್ಯಾದೆಯ ಗಂಟೆಗಳು ಹೆಚ್ಚುವುದಿಲ್ಲ. ಪೊಟ್ಟಣದ ಮೊಸರನ್ನೇ ಹೆಪ್ಪಾಗಿ ಬಳಸಿ ಮನೆಯಲ್ಲಿ ಮಾಡಿಕೊಂಡ ಮೊಸರಿಗೂ ಹಳೆಯ ಸರಪಳಿಯ ಆಕ್ಷೇಪ ಹಾಗೆಯೇ ಅನ್ವಯಿಸುತ್ತದೆ.